ಬಾರ್ಲಿ: ಪಥ್ಯದ ಲೋಟದಿಂದ ಊಟದ ತಟ್ಟೆಗೆ

ಹಾಸನದ ಯಾವುದಾದರೂ ದಿನಸಿ ಅಂಗಡಿಯ ಮುಂದೆ ನಿಂತು ನೋಡಿ. ರಾಗಿ, ಅಕ್ಕಿ, ಹುರುಳಿ, ಅವರೆ ಇವೆಲ್ಲ ಬಾಯಿ ತೆರೆದ ಮೂಟೆಗಳಲ್ಲಿ ಎದುರಿಗೇ ಕುಳಿತಿರುತ್ತವೆ. ಬಾರ್ಲಿ ಬೇಕೆಂದರೆ ಅಂಗಡಿಯಾತ ಹಿಂದಿನ ಸಾಲಿಗೆ ಕೈ ಹಾಕಿ ಕಾಲು ಕಿಲೋದ ಒಂದು ಪೊಟ್ಟಣ ತೆಗೆಯುತ್ತಾನೆ. ಕೆಲವು ಕಡೆ ಅದು ಸಿಗುವುದು ಅಳಲೆಕಾಯಿ, ಹಿಪ್ಪಲಿ, ಜ್ಯೇಷ್ಠಮಧುಗಳ ಜೊತೆಗೆ, ಗ್ರಂಧಿಗೆ ಅಂಗಡಿಯಲ್ಲಿ. ಪೊಟ್ಟಣ ಕಟ್ಟುವಾಗ ‘ಮನೆಯಲ್ಲಿ ಯಾರಿಗೆ ಹುಷಾರಿಲ್ಲ?’ ಎಂಬ ಪ್ರಶ್ನೆಯೂ ಬರುವುದುಂಟು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಇದೇ ಕತೆ. ಅಕ್ಕಿ ಕೊಳ್ಳುವವರನ್ನು, ರಾಗಿ ಕೊಳ್ಳುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಬಾರ್ಲಿ ನಮ್ಮ ಕಡೆ ಧಾನ್ಯವೇ ಆದರೂ ಊಟದ ಧಾನ್ಯವಲ್ಲ, ಪಥ್ಯದ ಧಾನ್ಯ.

ಉರಿಮೂತ್ರವೆಂದರೆ ಬಾರ್ಲಿ ನೀರು. ಬಸುರಿಯ ಕಾಲು ಊದಿದರೆ ಬಾರ್ಲಿ ನೀರು. ಬೇಸಿಗೆಯಲ್ಲಿ ಮೈ ಉಷ್ಣವಾದರೆ, ಮೂತ್ರಕೋಶದಲ್ಲಿ ಕಲ್ಲಿದೆ ಎಂದರೆ, ಜ್ವರ ಬಿಟ್ಟ ಮೇಲೆ ನಾಲಗೆ ಕೆಟ್ಟಿದ್ದರೆ ಅದೇ ಬಾರ್ಲಿ ನೀರು. ಕಾಳನ್ನು ಕುದಿಸಿ, ಸೋಸಿ, ತಿಳಿಯನ್ನು ರೋಗಿಗೆ ಕುಡಿಸಿ, ಬೆಂದ ಕಾಳನ್ನು ದನದ ಮುಸುರೆ ಬಾನಿಗೆ ಸುರಿಯುವುದು ಬಹಳ ಮನೆಗಳ ಪದ್ಧತಿ. ಈ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ಬಾರ್ಲಿಯ ಮುಖ್ಯ ಗುಣದಲ್ಲಿ ದೊಡ್ಡ ಪಾಲು ನಾವು ಚೆಲ್ಲುವ ಕಾಳಿನಲ್ಲಿಯೇ ಉಳಿದಿರುತ್ತದೆ. ನಾವು ಕುಡಿಯುವ ನೀರಿಗೋ ಅದಕ್ಕೆ ಇಲ್ಲದ ಕೆಲವು ಶಕ್ತಿಗಳನ್ನೂ ಕಟ್ಟಿದ್ದೇವೆ. ಇದು ಹೇಗಾಯಿತು, ಇದರಿಂದ ಆಗುವ ನಷ್ಟವೇನು ಎಂಬುದನ್ನು ಸ್ವಲ್ಪ ವಿಚಾರಿಸಬಹುದು.

ಹೊಲದಲ್ಲಿ ಕಾಣದ ಧಾನ್ಯ

ಮೊದಲಿಗೆ, ಬಾರ್ಲಿ ನಮ್ಮ ಹೊಲದ ಬೆಳೆ ಏಕಾಗಲಿಲ್ಲ? ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಅರಕಲಗೂಡು ಅರೆಮಲೆನಾಡು, ಆಲೂಗಡ್ಡೆ, ಶುಂಠಿ, ಹೊಗೆಸೊಪ್ಪು, ಮುಸುಕಿನ ಜೋಳ, ಕಾಲುವೆಯ ಕೆಳಗೆ ಭತ್ತ. ಹೊಳೆನರಸೀಪುರಕ್ಕೆ ಹೇಮಾವತಿಯ ದಂಡೆ. ಭತ್ತವೂ ತೆಂಗೂ ಅಲ್ಲಿಯ ಲಕ್ಷಣ. ಚನ್ನರಾಯಪಟ್ಟಣ ಬಯಲುಸೀಮೆ, ರಾಗಿ, ಹುರುಳಿ, ತೆಂಗು. ಹಾಸನ ಇವೆಲ್ಲ ಬಂದು ಸೇರುವ ಪೇಟೆ. ನೆಲ ಬೇರೆಯಾದರೂ ನಾಲ್ಕೂ ಕಡೆಯ ಊಟಕ್ಕೆ ಆಧಾರ ಒಂದೇ, ಅದು ರಾಗಿ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಒಣಭೂಮಿಯ ಬೆಳೆಗಳಲ್ಲಿ ರಾಗಿಗೇ ಹಿರಿಯ ಸ್ಥಾನ ಕೊಟ್ಟಿದ್ದಾನೆ.

ರಾಗಿ ಮುಂಗಾರನ್ನು ನಂಬಿ ಬಿತ್ತುವ ಬೆಳೆ. ಮಳೆ ಹಿಡಿದ ಮೇಲೆ ಬಿತ್ತಿ, ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿ, ಸುಗ್ಗಿಯ ಹೊತ್ತಿಗೆ ಕಣಕ್ಕೆ ತರುತ್ತಾರೆ. ಬಾರ್ಲಿಯ ಲೆಕ್ಕವೇ ಬೇರೆ. ಅದು ಗೋಧಿಯ ಒಡಹುಟ್ಟು. ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿ, ಉದ್ದನೆಯ ಚಳಿಗಾಲವನ್ನು ದಾಟಿಸಿ, ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಯಬೇಕು. ಅಂಥ ಚಳಿ ಉತ್ತರದಲ್ಲಿದೆ. ಭಾರತದಲ್ಲಿ ಬಾರ್ಲಿಯ ಬಹುಪಾಲು ಬೆಳೆಯುವುದು ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದಂಥ ರಾಜ್ಯಗಳಲ್ಲಿ. ಹಾಸನದ ಧನುರ್ಮಾಸದ ಚಳಿಗೆ ನಾವು ಕಂಬಳಿ ಹೊದೆಯುತ್ತೇವೆ, ನಿಜ. ಬಾರ್ಲಿಗೆ ಬೇಕಾದ ಚಳಿ ಅದಕ್ಕಿಂತ ದೀರ್ಘವಾದದ್ದು.

ಬೆಳೆಯದ ಧಾನ್ಯ ನಮ್ಮ ಆಚರಣೆಗಳೊಳಗೂ ಅಷ್ಟಾಗಿ ಬರಲಿಲ್ಲ. ನಮ್ಮಲ್ಲಿ ನವಧಾನ್ಯವೆಂದು ತಟ್ಟೆಯಲ್ಲಿಡುವುದು ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಆ ಒಂಬತ್ತರಲ್ಲಿ ಬಾರ್ಲಿಗೆ ಜಾಗವಿಲ್ಲ. ಹಾಗೆಂದು ಪರದೇಶಿ ಎಂಬ ಕಾರಣಕ್ಕೆ ಅದು ಹೊರಗುಳಿಯಿತು ಎನ್ನುವಂತಿಲ್ಲ. ರಾಗಿಯೂ ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಂದದ್ದೇ. ಎರಡೂ ನೆಂಟರೇ. ಒಂದು ಮನೆಯ ಮಗನಾಗಿ ಉಳಿಯಿತು. ಇನ್ನೊಂದು ಜಗಲಿಯ ಮೇಲೆಯೇ ಕುಳಿತಿತು.

ಜವೆ ಎಂಬ ಹೆಸರಿನ ಗೊಂದಲ

ಬಾರ್ಲಿ ಎಂಬ ಇಂಗ್ಲಿಷ್ ಹೆಸರು ಬರುವ ಮೊದಲೇ ಕನ್ನಡದಲ್ಲಿ ಇದಕ್ಕೆ ಹೆಸರಿತ್ತು: ಜವೆ. ಸಂಸ್ಕೃತದ ‘ಯವ’ ಕನ್ನಡದ ಬಾಯಿಗೆ ಬಂದಾಗ ‘ಜವೆ’ ಆಯಿತು. ಯಾತ್ರೆ ಜಾತ್ರೆಯಾದಂತೆ, ಯೋಗಿ ಜೋಗಿಯಾದಂತೆ, ಯೌವನ ಜವ್ವನವಾದಂತೆ. ಹಿಂದಿಯ ‘ಜೌ’ ಕೂಡ ಇದೇ ಬೇರಿನದು. ಗೋಧಿಯ ಹೋಲಿಕೆ ಇರುವುದರಿಂದ ‘ಜವೆಗೋಧಿ’ ಎಂಬ ಜೋಡಿ ಹೆಸರೂ ಹುಟ್ಟಿತು.

ಇಲ್ಲೊಂದು ಎಚ್ಚರ ಬೇಕು. ಧಾರವಾಡ, ಬೆಳಗಾವಿಗಳ ಕಡೆ ‘ಜವೆಗೋಧಿ’ ಎಂದು ಕೇಳಿದರೆ ಕೈಗೆ ಬರುವುದು ಬಾರ್ಲಿಯಲ್ಲ. ಅದು ಸದಕ, ಕಪ್ಲಿ ಎಂಬ ಹೆಸರುಗಳೂ ಇರುವ, ಹೊಟ್ಟು ಬಿಡದ ಒಂದು ಹಳೆಯ ಜಾತಿಯ ಗೋಧಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ-1025, ಡಿಡಿಕೆ-1029 ಎಂಬ ತಳಿಗಳನ್ನು ರೂಪಿಸಿದೆ. ಅದರ ರವೆಯಿಂದ ಮಾಡಿದ ಉಪ್ಪಿಟ್ಟು, ಹುಗ್ಗಿ ಬಹಳ ರುಚಿ. ಅದೂ ಒಳ್ಳೆಯ ಧಾನ್ಯವೇ, ಆದರೆ ಬೇರೆ ಧಾನ್ಯ. ಹುಬ್ಬಳ್ಳಿಯ ಪುಸ್ತಕದ ಪಾಕವನ್ನು ಹಾಸನದ ಬಾರ್ಲಿಯಲ್ಲಿ ಮಾಡಲು ಹೋದರೆ ಕೆಡುವುದು ಇದರಿಂದಲೇ.

ಇನ್ನೊಂದು ಗೊಂದಲ ಈಚಿನದು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನವಣೆ, ಸಾಮೆ, ಆರಕ, ಊದಲುಗಳ ಸಾಲಿನಲ್ಲಿ ಬಾರ್ಲಿಯ ಪೊಟ್ಟಣವನ್ನೂ ಜೋಡಿಸಿಡುವ ಅಂಗಡಿಗಳಿವೆ. ಬಾರ್ಲಿ ಸಿರಿಧಾನ್ಯವಲ್ಲ. ಅದು ಗೋಧಿಯ ಬಳಗದ್ದು. ಈ ವ್ಯತ್ಯಾಸ ಕೆಲವರ ಆರೋಗ್ಯಕ್ಕೆ ಮುಖ್ಯ. ಅದನ್ನು ಮುಂದೆ ನೋಡೋಣ.

ಅಂಗುಲದೊಳಗಿನ ಎಂಟು ಕಾಳು

ಮನುಷ್ಯ ಬೇಸಾಯ ಕಲಿತ ಮೊದಲ ಬೆಳೆಗಳಲ್ಲಿ ಬಾರ್ಲಿಯೂ ಒಂದು. ಪಶ್ಚಿಮ ಏಷ್ಯದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬೆಳೆಯತೊಡಗಿದ್ದರು. ಈಗ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕಿರುವ ಅತಿ ಹಳೆಯ ಬೇಸಾಯದ ಕುರುಹುಗಳಲ್ಲಿ ಬಾರ್ಲಿಯೇ ಹೆಚ್ಚು. ಕರ್ನಾಟಕಕ್ಕೂ ಅದು ತಡವಾಗಿ ಬಂದದ್ದಲ್ಲ. ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರುಗಳಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಯಾಗಿ ಉಳಿದ ಕಾಳುಗಳನ್ನು ಪರೀಕ್ಷಿಸಿದಾಗ ಹುರುಳಿ, ಹೆಸರು, ಕಿರುಧಾನ್ಯಗಳ ಜೊತೆಗೆ ಅಲ್ಪ ಪ್ರಮಾಣದಲ್ಲಿ ಗೋಧಿ, ಬಾರ್ಲಿಗಳೂ ದೊರೆತಿವೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆಯೂ ಕನ್ನಡದ ನೆಲದಲ್ಲಿ ಅದು ಸ್ವಲ್ಪವೇ ಸಿಗುವ ಧಾನ್ಯವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ವೇದಗಳಲ್ಲಿ ಯವದ ಹೆಸರಿದೆ. ಶ್ರಾದ್ಧದ ವಿಧಿಯಲ್ಲಿ ಪಿತೃಗಳಿಗೆ ಎಳ್ಳು, ವಿಶ್ವೇದೇವರಿಗೆ ಯವ ಎಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಗಂಜಿಗೆ ಸಂಸ್ಕೃತದಲ್ಲಿರುವ ‘ಯವಾಗು’ ಎಂಬ ಹೆಸರಿನಲ್ಲೂ ಯವದ ನೆನಪಿದೆ. ಅಷ್ಟೇ ಅಲ್ಲ, ಅದು ಅಳತೆಗೋಲೂ ಆಗಿತ್ತು. ಎಂಟು ಯವಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಅಂಗುಲ ಎಂಬುದು ಶಿಲ್ಪಶಾಸ್ತ್ರದ ಲೆಕ್ಕ. ಬೇಲೂರು, ಹಳೇಬೀಡುಗಳಿರುವ ಜಿಲ್ಲೆಯಲ್ಲಿ ವಿಗ್ರಹದ ತಾಳ, ಅಂಗುಲಗಳ ಮಾತು ಬಂದಾಗಲೆಲ್ಲ, ಇಲ್ಲಿಯ ಹೊಲದಲ್ಲಿ ಬೆಳೆಯದ ಈ ಕಾಳು ಆ ಲೆಕ್ಕದ ಒಳಗಿದೆ. ಇಂಗ್ಲೆಂಡಿನಲ್ಲೂ ಇಂಥದೇ ಒಂದು ರೂಢಿಯಿತ್ತು: ಮೂರು ಬಾರ್ಲಿ ಕಾಳಿನ ಉದ್ದ ಒಂದು ಇಂಚು. ಚಪ್ಪಲಿ ಅಂಗಡಿಯಲ್ಲಿ ಏಳನೇ ನಂಬರಿಗೂ ಎಂಟನೇ ನಂಬರಿಗೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಒಂದು ಬಾರ್ಲಿ ಕಾಳು.

ನಮ್ಮ ವಿಚಾರಕ್ಕೆ ಹೆಚ್ಚು ಹತ್ತಿರದ ಮಾತು ಆಯುರ್ವೇದದಲ್ಲಿದೆ. ಚರಕಸಂಹಿತೆಯಲ್ಲಿ ಪ್ರಮೇಹದ, ಅಂದರೆ ಈಗ ನಾವು ಸಕ್ಕರೆ ಕಾಯಿಲೆಯೆನ್ನುವುದೂ ಸೇರಿದ ರೋಗವರ್ಗದ ಚಿಕಿತ್ಸೆಯಲ್ಲಿ, ಯವಕ್ಕೆ ಪ್ರಧಾನ ಆಹಾರದ ಸ್ಥಾನವಿದೆ. ಗಮನಿಸಬೇಕಾದದ್ದು ಅಲ್ಲಿ ಹೇಳಿರುವ ರೂಪಗಳನ್ನು: ಯವದ ಅನ್ನ, ಹುರಿದ ಹಿಟ್ಟು, ಅಪೂಪ. ಇವೆಲ್ಲ ಅಗಿದು ತಿನ್ನುವ ಪದಾರ್ಥಗಳು. ಬಾರ್ಲಿ ಗಿಡವನ್ನು ಸುಟ್ಟ ಬೂದಿಯಿಂದ ತೆಗೆಯುವ ‘ಯವಕ್ಷಾರ’ ಮೂತ್ರದ ತೊಂದರೆಗಳಿಗೆ ಕೊಡುವ ಔಷಧವಾಗಿ ಬೇರೆಯೇ ಇದೆ. ಧಾನ್ಯ ಊಟಕ್ಕೆ, ಕ್ಷಾರ ಮದ್ದಿಗೆ ಎಂದು ಹಳಬರು ಎರಡನ್ನೂ ಬೇರೆಬೇರೆಯಾಗಿ ಇಟ್ಟಿದ್ದರು. ನಾವು ಎರಡನ್ನೂ ಕಲಸಿ, ಧಾನ್ಯವನ್ನೇ ಮದ್ದು ಮಾಡಿದೆವು.

ಕಾಳು ಮುತ್ತಾಗುವ ಬಗೆ

ಅಂಗಡಿಯ ಬಾರ್ಲಿ ಬೆಳ್ಳಗೆ, ದುಂಡಗೆ, ನಡುವೆ ಒಂದು ಕಂದು ಗೀರಿನೊಂದಿಗೆ ಇರುತ್ತದೆ. ಹೊಲದಿಂದ ಬಂದ ಬಾರ್ಲಿ ಹೀಗಿರುವುದಿಲ್ಲ. ಭತ್ತವನ್ನು ಕುಟ್ಟಿದರೆ ಹೊಟ್ಟು ಸಡಿಲವಾಗಿ ಬಿಟ್ಟುಬರುತ್ತದೆ. ಸಾಮಾನ್ಯ ಬಾರ್ಲಿಯ ಹೊಟ್ಟು ಕಾಳಿಗೆ ಅಂಟಿಕೊಂಡೇ ಇರುತ್ತದೆ. ಒನಕೆಯ ಪೆಟ್ಟಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಒರಟು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ತೆಗೆಯಬೇಕು. ಹೊಟ್ಟು ಮಾತ್ರ ಹೋಗುವಷ್ಟು ಉಜ್ಜಿದರೆ ಕಂದು ಬಣ್ಣದ ಒರಟು ಬಾರ್ಲಿ. ಇನ್ನೂ ಉಜ್ಜಿದರೆ ತೌಡೂ ಮೊಳಕೆಯ ಮೂಲವೂ ಸವೆದು ಬಿಳಿಯ ಕಾಳು ಉಳಿಯುತ್ತದೆ. ಇದೇ ಮುತ್ತು ಬಾರ್ಲಿ. ನಮ್ಮಲ್ಲಿ ಸುಮ್ಮನೆ ಬಾರ್ಲಿ ಎಂದರೆ ಸಿಗುವುದು ಹೆಚ್ಚಾಗಿ ಇದೇ.

ಈ ಉಜ್ಜುವ ವಿದ್ಯೆ ಯೂರೋಪಿನಲ್ಲಿ ಹಾಲೆಂಡಿನವರ ಕೈಯಲ್ಲಿತ್ತು. ಸ್ಕಾಟ್ಲೆಂಡಿನ ಸಾಲ್ಟನ್ ಎಂಬಲ್ಲಿಯ ಜಮೀನ್ದಾರ ಆಂಡ್ರ್ಯೂ ಫ್ಲೆಚರ್ 1710ರಲ್ಲಿ ಜೇಮ್ಸ್ ಮೀಕಲ್ ಎಂಬ ಗಿರಣಿಯ ಕುಶಲಿಯನ್ನು ಹಾಲೆಂಡಿಗೆ ಕಳಿಸಿ ಆ ಯಂತ್ರದ ಗುಟ್ಟನ್ನು ತರಿಸಿದನೆಂಬುದು ಗಿರಣಿಗಳ ಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ಮುಂದೆ ಬ್ರಿಟಿಷರ ಆಳ್ವಿಕೆಯ ಜೊತೆಗೆ ಬಾರ್ಲಿ ಹಿಟ್ಟಿನ ಡಬ್ಬಿಗಳು ಭಾರತಕ್ಕೆ ಬಂದವು. ರಾಬಿನ್ಸನ್ಸ್ ಪೇಟೆಂಟ್ ಬಾರ್ಲಿ ಎಂಬ ಹೆಸರು ಹಳಬರಿಗೆ ನೆನಪಿರಬಹುದು. ಆ ಡಬ್ಬಿಗಳ ಪ್ರಚಾರ ಗುರಿಯಿಟ್ಟದ್ದು ಕೂಸುಗಳನ್ನು, ಬಾಣಂತಿಯರನ್ನು, ರೋಗಿಗಳನ್ನು. ಜವೆ ಎಂಬ ಹಳೆಯ ಹೆಸರು ಹಿಂದೆ ಸರಿದು ಬಾರ್ಲಿ ಎಂಬ ಹೊಸ ಹೆಸರು ನಿಲ್ಲುವಾಗ, ಪಥ್ಯದ ವಾಸನೆಯೂ ಅದರ ಜೊತೆಗೆ ಗಟ್ಟಿಯಾಯಿತು.

ಇನ್ನೊಂದು ವೇಷದಲ್ಲಿ ಬಾರ್ಲಿ ನಮ್ಮ ಮನೆಗೆ ಸದ್ದಿಲ್ಲದೆ ಬಂದಿದೆ. ಹಾರ್ಲಿಕ್ಸ್‌ನಂಥ ಪೇಯಗಳಲ್ಲಿರುವ ಮಾಲ್ಟ್ ಎಂದರೆ ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ಬಿಯರಿನ ಮೂಲವೂ ಅದೇ. ಈ ವಿದ್ಯೆ ನಮ್ಮ ಹೆಂಗಸರಿಗೆ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಡುವ ಹಿಟ್ಟು ಮಾಲ್ಟೇ ಅಲ್ಲದೆ ಬೇರೇನಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರಾಗಿ ಮಾಲ್ಟಿನ ಮೇಲೆ ಸಾಕಷ್ಟು ಕೆಲಸ ಮಾಡಿದೆ.

ಬಿಳಿಯಾದರೂ ಉಳಿಯುವ ನಾರು

ಪಾಲಿಶ್ ಮಾಡಿದ ಧಾನ್ಯವೆಂದರೆ ಸತ್ವ ಹೋದ ಧಾನ್ಯ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಅಕ್ಕಿಯ ಮಟ್ಟಿಗೆ, ಮೈದಾದ ಮಟ್ಟಿಗೆ ಅದು ಸರಿ. ಅವುಗಳಲ್ಲಿ ನಾರು ಬಹುಪಾಲು ತೌಡಿನಲ್ಲೇ ಇರುತ್ತದೆ. ತೌಡು ಹೋದರೆ ನಾರೂ ಹೋಯಿತು. ಬಾರ್ಲಿಯ ವಿಶೇಷವಿರುವುದು ಇಲ್ಲಿಯೇ. ಅದರಲ್ಲಿರುವ ಬೀಟಾ-ಗ್ಲೂಕಾನ್ ಎಂಬ ಕರಗುವ ನಾರು ತೌಡಿಗಷ್ಟೇ ಸೀಮಿತವಲ್ಲ. ಕಾಳಿನ ಒಳಗಿನ ಹಿಟ್ಟಿನ ಭಾಗದಲ್ಲಿ, ಪ್ರತಿ ಜೀವಕೋಶದ ಗೋಡೆಯಲ್ಲೂ ಅದು ಹರಡಿಕೊಂಡಿದೆ. ಹೊರಗೆ ಎಷ್ಟು ಉಜ್ಜಿದರೂ ಒಳಗಿನದು ಉಳಿಯುತ್ತದೆ. ಬಾರ್ಲಿಯನ್ನು ಬೇಯಿಸಿದಾಗ ನೀರು ಲೋಳೆಯಾಗುವುದಕ್ಕೆ ಈ ನಾರೂ ಒಂದು ಕಾರಣ.

ಅಂಕಿಗಳನ್ನು ನೋಡೋಣ. 100 ಗ್ರಾಂ ಮುತ್ತು ಬಾರ್ಲಿಯಲ್ಲಿ ಸುಮಾರು 350 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 15 ಗ್ರಾಂ ನಾರು ಇರುತ್ತದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 11 ಗ್ರಾಂ. ಆದರೆ ಸುಣ್ಣದಂಶಕ್ಕೆ ಬಂದರೆ ರಾಗಿಗೆ ಎದುರಿಲ್ಲ: 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು, ಬಾರ್ಲಿಯಲ್ಲಿ 30 ಮಿಲಿಗ್ರಾಂ ಮಾತ್ರ. ಕಬ್ಬಿಣದಲ್ಲೂ ರಾಗಿಯೇ ಮುಂದು. ಪಾಲಿಶ್‌ನಿಂದ ಬಾರ್ಲಿ ಕೆಲವು ಜೀವಸತ್ವಗಳನ್ನು, ಖನಿಜಗಳನ್ನು ಕಳೆದುಕೊಳ್ಳುವುದೂ ನಿಜ. ಆದ್ದರಿಂದ ಕಂದು ಬಾರ್ಲಿ ಸಿಕ್ಕಿದರೆ ಅದೇ ಮೇಲು; ಸಿಗದಿದ್ದರೆ ಮುತ್ತು ಬಾರ್ಲಿಯೂ ನಷ್ಟದ ವ್ಯಾಪಾರವಲ್ಲ.

ಈ ನಾರು ಹೊಟ್ಟೆಯಲ್ಲಿ ಮಾಡುವ ಕೆಲಸ ಸರಳ. ಅದು ನೀರು ಹೀರಿ ಗಂಜಿಯಂತೆ ದಪ್ಪಗಾಗುತ್ತದೆ. ಅನ್ನದ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವ ವೇಗ ಇದರಿಂದ ತಗ್ಗುತ್ತದೆ. ಆಹಾರ ಎಷ್ಟು ಬೇಗ ಸಕ್ಕರೆ ಏರಿಸುತ್ತದೆಂದು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕದಲ್ಲಿ ಬೇಯಿಸಿದ ಮುತ್ತು ಬಾರ್ಲಿ ಸುಮಾರು 28ರಲ್ಲಿ ನಿಲ್ಲುತ್ತದೆ. ಬಿಳಿ ಅನ್ನ ಬಹಳಷ್ಟು ತಳಿಗಳಲ್ಲಿ ಅದರ ಎರಡರಷ್ಟಕ್ಕೂ ಮೇಲಿರುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ರಾತ್ರಿ ಇಡೀ ಬಾರ್ಲಿ ಕಾಳಿನ ಬ್ರೆಡ್ ತಿಂದವರನ್ನು ಪರೀಕ್ಷಿಸಿದಾಗ, ಮರುದಿನ ಬೆಳಗಿನ ತಿಂಡಿಯ ನಂತರವೂ ಅವರ ಸಕ್ಕರೆಯ ಏರಿಕೆ ಕಡಿಮೆಯಿತ್ತು.

ಇದೇ ಲೋಳೆ ಕರುಳಿನಲ್ಲಿ ಪಿತ್ತರಸದ ಅಂಶಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಅದನ್ನು ತುಂಬಿಕೊಳ್ಳಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಸೇವನೆ ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಬಾರ್ಲಿ ಆಹಾರಗಳ ಮೇಲೆ ಹೃದಯದ ಆರೋಗ್ಯದ ಮಾತನ್ನು ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲಿ ಒಪ್ಪಿಗೆ ಕೊಟ್ಟದ್ದು ಇದರ ಮೇಲೆಯೇ. ಆ 3 ಗ್ರಾಂ ಪಡೆಯಲು ಸುಮಾರು 60ರಿಂದ 75 ಗ್ರಾಂ ಬಾರ್ಲಿ ಬೇಕು. ಅಂದರೆ ಒಬ್ಬರು ಒಂದು ಹೊತ್ತು ಉಣ್ಣುವ ಅನ್ನಕ್ಕೆ ಹಾಕುವಷ್ಟು ಕಾಳು. ಎರಡು ಚಮಚ ಕಾಳು ಕುದಿಸಿ ಸೋಸಿದ ತಿಳಿನೀರಿನಲ್ಲಿ ಅಷ್ಟು ಸಿಗುವುದು ಸಾಧ್ಯವಿಲ್ಲ.

ಬಾರ್ಲಿ ನೀರಿನ ಮಿತಿ

ಹಾಗಾದರೆ ಬಾರ್ಲಿ ನೀರು ದಂಡವೇ? ಅಲ್ಲ. ಬೇಸಿಗೆಯಲ್ಲಿ ಅದು ಒಳ್ಳೆಯ ಪಾನೀಯ. ಉರಿಮೂತ್ರದಲ್ಲಿ ಹೆಚ್ಚು ದ್ರವ ಕುಡಿಯುವುದೇ ಒಂದು ಉಪಚಾರ. ಬರಿಯ ನೀರು ಕುಡಿಯಲಾಗದವರು ಬಾರ್ಲಿ ನೀರನ್ನು ಕುಡಿದಾರು. ಆದರೆ ಜ್ವರ, ಚಳಿ, ಬೆನ್ನುನೋವು ಜೊತೆಗಿದ್ದರೆ ಅದು ಸೋಂಕು ಮೇಲಕ್ಕೇರಿದ ಸೂಚನೆ. ಆಗ ಔಷಧ ಬೇಕು. ಮೂತ್ರದ ಕಲ್ಲಿನ ವಿಷಯವೂ ಹಾಗೆಯೇ. ಹೆಚ್ಚು ದ್ರವ ಸೇವನೆಯಿಂದ ಸಣ್ಣ ಕಲ್ಲು ಹೊರಬೀಳಲು, ಹೊಸದು ಕಟ್ಟದಿರಲು ನೆರವಾಗುತ್ತದೆ. ಬಾರ್ಲಿ ಕಲ್ಲನ್ನು ಕರಗಿಸುತ್ತದೆ ಎನ್ನುವುದಕ್ಕೆ ಭದ್ರವಾದ ಆಧಾರವಿಲ್ಲ.

ಎರಡು ಸಂದರ್ಭಗಳಲ್ಲಿ ಈ ನಂಬಿಕೆ ಜೀವಕ್ಕೇ ಎರವಾಗಬಹುದು. ಮೊದಲನೆಯದು ಬಸುರಿಯರ ಬಾವು. ದಿನ ತುಂಬುತ್ತಾ ಬಂದಂತೆ ಸಂಜೆ ಹೊತ್ತು ಪಾದ ಸ್ವಲ್ಪ ಊದುವುದು ಬಹಳ ಜನರಲ್ಲಿ ಇರುತ್ತದೆ. ಆದರೆ ಮುಖ, ಕೈಗಳೂ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವಿದ್ದರೆ ಅದು ರಕ್ತದೊತ್ತಡ ಏರುವ ಪ್ರಿ-ಎಕ್ಲಾಂಪ್ಸಿಯ ಎಂಬ ತೊಂದರೆಯ ಲಕ್ಷಣವಾಗಿರಬಹುದು. ಅದು ಕೆಲವೇ ಗಂಟೆಗಳಲ್ಲಿ ಫಿಟ್ಸ್‌ಗೆ ತಿರುಗಿ ತಾಯಿ-ಮಗು ಇಬ್ಬರನ್ನೂ ಅಪಾಯಕ್ಕೆ ತಳ್ಳಬಲ್ಲುದು. ‘ಇನ್ನೆರಡು ದಿನ ಬಾರ್ಲಿ ನೀರು ಕೊಟ್ಟು ನೋಡೋಣ’ ಎನ್ನುವ ಆ ಎರಡು ದಿನಕ್ಕೆ ಬಹಳ ಬೆಲೆ ತೆರಬೇಕಾದೀತು. ಬಿ.ಪಿ. ನೋಡಿಸಲು, ಮೂತ್ರ ಪರೀಕ್ಷಿಸಲು ಹತ್ತಿರದ ಆರೋಗ್ಯ ಕೇಂದ್ರ ಸಾಕು. ಅಲ್ಲಿಗೆ ಹೋಗಿ ಬಂದ ಮೇಲೆ ಬಾರ್ಲಿ ನೀರು ಬೇಕಾದರೆ ಕುಡಿಯಲಿ.

ಎರಡನೆಯದು ಕೂಸುಗಳ ವಿಷಯ. ಡಬ್ಬಿ ಬಾರ್ಲಿಯ ಕಾಲದಿಂದ ಬಂದ ರೂಢಿಯಂತೆ ಹಾಲಿಗೆ ಬಾರ್ಲಿ ನೀರು ಬೆರೆಸಿ ಎಳೆಮಕ್ಕಳಿಗೆ ಕುಡಿಸುವುದಿತ್ತು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ, ನೀರೂ ಸಹ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರು ಬೆರೆತ ಹಾಲಿನಿಂದ ಕೂಸಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಭೇದಿಯ ಭಯ ಬೇರೆ.

ಮುದ್ದೆಯ ಜಾಗಕ್ಕಲ್ಲ, ಅನ್ನದ ಜಾಗಕ್ಕೆ

ಈಗ ಅಡುಗೆಯ ಮಾತು. ನಮ್ಮ ಕಡೆಯ ಊಟಕ್ಕೆ ಒಂದು ಕ್ರಮವಿದೆ. ಮೊದಲು ಮುದ್ದೆ, ಆಮೇಲೆ ಅನ್ನ, ಕೊನೆಗೆ ಮಜ್ಜಿಗೆ. ಹಿಂದೆ ಆ ಅನ್ನ ಒಂದು ಹಿಡಿಯಷ್ಟಿರುತ್ತಿತ್ತು. ಕಾಲುವೆ ಬಂತು, ಪಡಿತರದ ಅಕ್ಕಿ ಬಂತು. ಅನ್ನ ಬೆಳೆಯಿತು, ಮುದ್ದೆ ಸಣ್ಣದಾಯಿತು. ಹೊಲದ ದುಡಿಮೆಯೂ ಕಡಿಮೆಯಾದ ಕಾಲದಲ್ಲಿ ಸಕ್ಕರೆ ಕಾಯಿಲೆ ಹಳ್ಳಿಗೂ ಬಂದು ಕೂತಿದೆ. ಬಾರ್ಲಿಯನ್ನು ಊಟಕ್ಕೆ ತರುವುದಾದರೆ ಮುದ್ದೆಯನ್ನು ಎಬ್ಬಿಸಿ ಅದನ್ನು ಕೂರಿಸಬಾರದು. ಸುಣ್ಣದಂಶದ ಲೆಕ್ಕದಲ್ಲಿ ಅದು ನಷ್ಟ. ಕೂರಿಸಬೇಕಾದದ್ದು ಅನ್ನದ ಜಾಗದಲ್ಲಿ.

ಬೇಯಿಸುವ ಬಗೆ ಹೀಗೆ. ಬಾರ್ಲಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ರಾತ್ರಿಯೇ ನೆನೆಹಾಕಿ. ಒಂದು ಲೋಟಕ್ಕೆ ಮೂರು ಲೋಟ ನೀರು, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ. ಬಾರ್ಲಿ ನೊರೆ ಕಟ್ಟುವ ಧಾನ್ಯ. ನೊರೆ ಉಕ್ಕಿ ಕುಕ್ಕರಿನ ಕಿಂಡಿ ಕಟ್ಟಿಕೊಳ್ಳಬಹುದು. ಆದ್ದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಒಂದು ಲೋಟ ಕಾಳು ಬೆಂದು ಮೂರು ಲೋಟಕ್ಕೂ ಮೇಲಾಗುತ್ತದೆ. ಅನ್ನದಂತೆ ಬಿಡಿಬಿಡಿಯಾಗಿ ಮೆತ್ತಗಾಗದು; ಬೆಂದ ಮೇಲೂ ಹಲ್ಲಿಗೆ ಸ್ವಲ್ಪ ಸಿಗುತ್ತದೆ. ಅದೇ ಅದರ ಸೊಗಸು.

ಹೊಸಬರು ಮೊಸರನ್ನದಿಂದ ಆರಂಭಿಸುವುದು ಲೇಸು. ಬೆಂದ ಬಾರ್ಲಿ ಆರಿದ ಮೇಲೆ ಮೊಸರು, ಉಪ್ಪು, ಹಸಿಶುಂಠಿ, ಕೊತ್ತಂಬರಿ ಕಲಸಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟರೆ, ಹೇಳದಿದ್ದರೆ ಎಷ್ಟೋ ಜನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬಸ್ಸಾರು, ಮಸ್ಸೊಪ್ಪು, ಉಪ್ಪೆಸರುಗಳೊಡನೆ ಬಾರ್ಲಿ ಚೆನ್ನಾಗಿ ಹೊಂದುತ್ತದೆ. ಖಾರ, ಹುಳಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಸಿಬೇಳೆ ಭಾತಿಗೆ ಅಕ್ಕಿಯ ಬದಲು ಬಾರ್ಲಿ ಹಾಕಿದರೆ ಅದರ ಲೋಳೆಯೇ ಭಾತಿಗೆ ಹದ ಕೊಡುತ್ತದೆ. ಸೊಗಡಿನ ಅವರೆಕಾಯಿ ಬರುವ ಕಾಲದಲ್ಲಿ ಹಿತಕಿದ ಅವರೆಬೇಳೆಯೊಂದಿಗೆ ಬಾರ್ಲಿ ಉಪ್ಪಿಟ್ಟು ಮಾಡಿ ನೋಡಬಹುದು.

ದೋಸೆಗೆ ಮೂರು ಪಾಲು ಬಾರ್ಲಿ, ಒಂದು ಪಾಲು ಉದ್ದು, ಒಂದು ಚಿಟಿಕೆ ಮೆಂತ್ಯ. ನೆನೆಸಿ, ರುಬ್ಬಿ, ಹುಳಿ ಬರಿಸಿದರೆ ಮೆತ್ತನೆಯ ದೋಸೆ ಏಳುತ್ತದೆ. ಗರಿ ಬೇಕೆನ್ನುವವರು ಒಂದು ಹಿಡಿ ಅಕ್ಕಿ ಸೇರಿಸಲಿ. ಪಾಯಸಕ್ಕೆ ಬೆಂದ ಬಾರ್ಲಿ, ಬೆಲ್ಲ, ತೆಂಗಿನಕಾಯಿ ಹಾಲು, ಏಲಕ್ಕಿ. ಚನ್ನರಾಯಪಟ್ಟಣದ ತೆಂಗಿಗೆ ಇದು ಒಳ್ಳೆಯ ಜೋಡಿ. ಆದರೆ ಸಕ್ಕರೆ ಕಾಯಿಲೆಯವರು ಬಾರ್ಲಿಯ ನೆಪದಲ್ಲಿ ಬೆಲ್ಲ ತಿನ್ನುವಂತಿಲ್ಲ.

ನೀರೇ ಬೇಕೆನ್ನುವವರಿಗೆ ಒಂದು ಮಾತು. ನಾಲ್ಕು ದೊಡ್ಡ ಚಮಚ ಬಾರ್ಲಿಯನ್ನು ಒಂದೂಕಾಲು ಲೀಟರ್ ನೀರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ನಿಧಾನ ಕುದಿತಕ್ಕೆ ನಾರು ನೀರಿಗಿಳಿಯುತ್ತದೆ. ತಿಳಿಯನ್ನು ಮಜ್ಜಿಗೆ, ಜೀರಿಗೆ, ಉಪ್ಪಿನೊಡನೆ ಕುಡಿಯಿರಿ. ಉಳಿದ ಕಾಳನ್ನು ಬಾನಿಗೆ ಸುರಿಯಬೇಡಿ. ಹೆಸರುಬೇಳೆಯ ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ, ರಾಗಿ ರೊಟ್ಟಿಯ ಹಿಟ್ಟಿಗೆ ಅದು ಸೇರಿಕೊಳ್ಳುತ್ತದೆ.

ಯಾರಿಗೆ ಎಚ್ಚರ?

ಬಾರ್ಲಿ ಎಲ್ಲರಿಗೂ ಅಲ್ಲ. ಗೋಧಿಯ ಬಳಗದ್ದಾದ್ದರಿಂದ ಅದರಲ್ಲಿ ಗ್ಲುಟೆನ್ ಇದೆ. ಸೀಲಿಯಾಕ್ ಕಾಯಿಲೆಯಿರುವವರು, ಗೋಧಿ ಒಗ್ಗದವರು ಇದನ್ನು ಮುಟ್ಟಬಾರದು. ಸಿರಿಧಾನ್ಯವೆಂದು ತಿಳಿದು ಕೊಳ್ಳುವ ತಪ್ಪು ಇವರಿಗೆ ದುಬಾರಿ. ಅಂಥವರಿಗೆ ರಾಗಿ, ನವಣೆಗಳಿವೆ. ಮೂತ್ರಪಿಂಡ ಸೋತವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ದಿನಕ್ಕೆ ಇಷ್ಟೇ ದ್ರವವೆಂದು ವೈದ್ಯರು ಕಟ್ಟುಮಾಡಿರುತ್ತಾರೆ. ‘ಕಿಡ್ನಿಗೆ ಒಳ್ಳೆಯದು’ ಎಂದು ಬಾರ್ಲಿ ನೀರನ್ನು ಲೀಟರುಗಟ್ಟಲೆ ಕುಡಿದರೆ ಅದೇ ಉಸಿರಾಟಕ್ಕೆ ಮುಳುವಾದೀತು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವಾಗ ಸಕ್ಕರೆಯ ಮಟ್ಟ ನೋಡಿಸಿಕೊಳ್ಳಬೇಕು. ಬಾರ್ಲಿಯನ್ನು ನಂಬಿ ಮಾತ್ರೆ ಬಿಡಬಾರದು. ಉಳಿದವರೂ ಮೊದಲ ವಾರ ಸ್ವಲ್ಪ ಸ್ವಲ್ಪವೇ ತಿನ್ನಲಿ. ನಾರಿನ ರೂಢಿಯಿಲ್ಲದ ಹೊಟ್ಟೆ ಉಬ್ಬರಿಸಬಹುದು.

ಬಾರ್ಲಿಯ ಬೆಲೆ ರಾಗಿಗಿಂತ ಹೆಚ್ಚಿರುವುದರಿಂದ ದಿನವೂ ಬೇಯಿಸಿ ಎಂದು ಯಾರಿಗೂ ಹೇಳುವಂತಿಲ್ಲ. ವಾರಕ್ಕೆ ಎರಡು ಮೂರು ಸಲ ರಾತ್ರಿಯ ಅನ್ನದ ಜಾಗದಲ್ಲಿ ಅದು ಬಂದರೂ ಮನೆಯ ಹಿರಿಯರಿಗೆ ಉಪಕಾರವೇ. ಮದ್ದು ಮಾಡಬೇಕಾದ ಕೆಲಸವನ್ನು ಬಾರ್ಲಿಯಿಂದ ಮಾಡಿಸಲು ಹೋಗದೆ, ಊಟ ಮಾಡಬೇಕಾದ ಕೆಲಸವನ್ನು ಅದಕ್ಕೆ ಬಿಟ್ಟುಕೊಟ್ಟರೆ ಸಾಕು. ಎಷ್ಟೋ ಕಾಲ ಜಗಲಿಯ ಮೇಲೆ ಕೂತ ನೆಂಟನನ್ನು ಒಳಗೆ ಕರೆದು ಮಣೆ ಹಾಕುವುದಕ್ಕೆ, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಲಿ ಎಂದು ಕಾಯಬೇಕಾಗಿಲ್ಲ.